ಹಿಂಡು ಎಂಬ ಡೇಟಾ ಟೈಪು

ನಮ್ಮ ಹಿರಿಯೂರಿನ ಕುರಿ ಸಾಕಣೆದಾರರ ಸಂಘದ ವ್ಯಾಪ್ತಿಯಲ್ಲಿ ಪ್ರಸ್ತುತ ಪ್ರತಿಯೊಂದು ಹಿಂಡಿನಲ್ಲೂ ಒಂದೇ ಕುರಿ ಇರುತ್ತದೆ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಇದಕ್ಕೆ ಕಾರಣಕರ್ತೆ ಸಂಘದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯಾದ ನಾನು. ವಿಭಾಗದಲ್ಲಿ ಬೇರೆ ಯಾರೂ ಇಲ್ಲ.

ಲಸಿಕೆ ಬೇಕಾದರೆ ನಮ್ಮ ಕಂಪ್ಯೂಟರು ಚಿತ್ರದುರ್ಗದ ಉಗ್ರಾಣದ ಕಂಪ್ಯೂಟರನ್ನು ಕೇಳಬೇಕು. ಕೇಳುವ ಮೊದಲು ಯಾವ ಮಾಹಿತಿ ಎಂಥದ್ದು, ಅಂದರೆ ಅದರ ಡೇಟಾ ಟೈಪ್ ಯಾವುದು ಎಂದು ಪ್ರೋಗ್ರಾಮಿನಲ್ಲಿ ಸಾರಿರಬೇಕು. ಅಂಕಿಯ ಜಾಗಕ್ಕೆ ಹೆಸರು ಬಂದರೆ ಒಳಗೆ ಬಿಡುವುದಿಲ್ಲ. ಇರುವ ಟೈಪುಗಳು ಸಾಲದಿದ್ದರೆ ಹೊಸದನ್ನು ನಾವೇ ಕಟ್ಟಿಕೊಳ್ಳಬಹುದು. ಈ ಸ್ವಾತಂತ್ರ್ಯವನ್ನು ನನ್ನಂಥವರಿಗೆ ಕೊಡಬಾರದಿತ್ತು.

ಜವನಗೊಂಡನಹಳ್ಳಿಯ ದುರುಗಕ್ಕ ಬಂದದ್ದು ಮಳೆಗೆ ಮುಂಚೆ. ಎಳೆಹುಲ್ಲು ಚಿಗುರುವಷ್ಟರಲ್ಲಿ ಕರುಳುಬೇನೆಗೆ ಲಸಿಕೆ ಹಾಕಿಸದಿದ್ದರೆ ಕುರಿಗಳು ನಿಂತಲ್ಲೇ ಬೀಳುತ್ತವೆ.

"ಎಷ್ಟು ಕುರಿ ಅವೆ ದುರುಗಕ್ಕ?"

"ಒಂದು ಹಿಂಡು ಐತೆ, ಬರ್ಕಳವ್ವ."

"ಲೆಕ್ಕ ಬೇಕಲ್ಲ."

"ಕುರಿ ಎಣಿಸಿ ಬಾಯಾಗೆ ಆಡಿದ್ರೆ ಹಿಂಡು ಏಳ್ಗೆ ಆಗಲ್ಲ. ನಿನ್ ಮಕ್ಳನ್ನ ನೀನು ಎಣಿಸ್ತೀಯೇನು?"

ನನಗಿರುವವನು ಒಬ್ಬ ಮಗ. ಎಣಿಸುವ ಪ್ರಸಂಗ ಬಂದಿಲ್ಲ.

ಜನರ ನಂಬಿಕೆಯನ್ನು ಗೌರವಿಸುವುದು ವಿದ್ಯಾವಂತರ ಲಕ್ಷಣವಾದ್ದರಿಂದ ನಾನು 'ಹಿಂಡು' ಎಂಬ ಹೊಸ ಟೈಪನ್ನೇ ಕಟ್ಟಿದೆ. ಕಾಯುವವರ ಹೆಸರು, ಊರು, ಮೊಬೈಲು. ಅಂಕಿಸಂಖ್ಯೆಯ ಗೊಡವೆ ಇಲ್ಲ. ಒಬ್ಬರಿಗೆ ಒಂದೇ ಹಿಂಡು. ಬಹಳ ಅಂದವಾಗಿತ್ತು, ಮನೆಯವರಿಗೂ ತೋರಿಸಿದೆ. ಕಾರ್ಯದರ್ಶಿ ತಿಪ್ಪೇರುದ್ರಪ್ಪನವರು ಓದದೆ ಸಹಿ ಹಾಕಿದರು. ದುರ್ಗದ ಕಂಪ್ಯೂಟರು ಓದಿ ಒಪ್ಪಿಕೊಂಡಿತು.

ಲಸಿಕೆ ಬಂತು. ಒಂದು ಹಿಂಡಿಗೆ ಒಂದು ಡೋಸು.

"ಇದನ್ನ ಯಾವ ಕುರಿಗೆ ಹಾಕ್ಲಿ?" ಎಂದರು ದುರುಗಕ್ಕ. "ಯಾವುದು ಉಳೀಬೇಕು ಅಂತ ನೀನೇ ಬಂದು ಆರಿಸಿ ಹೋಗು."

ಉಗ್ರಾಣದ ರಘುನಾಥ್‌ಗೆ ಫೋನು ಮಾಡಿದೆ.

"ಒಪ್ಪಿದ ಟೈಪ್ ಬದಲಾಯಿಸೋಕೆ ಸಮಿತಿ ಕೂರ್ಬೇಕು ಮೇಡಂ. ಅದು ಮಳೆಗಾಲ ಮುಗಿದ್ ಮೇಲೆ."

"ಅಷ್ಟೊತ್ತಿಗೆ ಕುರಿಗಳೇ ಇರಲ್ಲ."

"ಹಂಗಾದ್ರೆ ಬದಲಾಯಿಸೋ ಅಗತ್ಯನೇ ಬೀಳಲ್ಲ ಬಿಡ್ರಿ."

ಪರಿಹಾರ ಸೂಚಿಸಿದವರು ತಿಪ್ಪೇರುದ್ರಪ್ಪನವರು.

"ಹಿಂಡಲ್ಲಿ ಇಂತಿಷ್ಟೇ ಕುರಿ ಇರ್ಬೇಕು ಅಂತ ಎಲ್ಲಾದ್ರೂ ಬರ್ದೀಯೇನಮ್ಮ?"

"ಇಲ್ಲ ಸರ್."

"ಮತ್ತೆ? ಒಂದೊಂದು ಕುರೀನೂ ಒಂದೊಂದು ಹಿಂಡು. ಮುಗೀತು."

ಮುಗಿಯಲಿಲ್ಲ. ಹಿಂಡಿಗೊಬ್ಬರು ಕಾಯುವವರು ಬೇಕಲ್ಲ. ದುರುಗಕ್ಕನ ನೆಂಟರು ಸಾಕಾಗಲಿಲ್ಲ. ಹಿಟ್ಟಿನ ಗಿರಣಿಯವರು, ಬಸ್ಸಿನ ಕಂಡಕ್ಟರು, ಇಬ್ಬರು ಮೇಷ್ಟ್ರು ಕುರಿಗಾಹಿಗಳಾದರು. ಕೊನೆಗೆ ಸಂಘದ ಸಿಬ್ಬಂದಿಯೂ. ಸೂಜಿ ಚುಚ್ಚುವ ಹೊತ್ತಿಗೆ ಕಾಯುವವರ ಮೊಬೈಲಿಗೆ ಓಟಿಪಿ ಬರುವಂತೆ ನಾನೇ ಮಾಡಿಟ್ಟಿದ್ದರಿಂದ ಎಲ್ಲರೂ ಖುದ್ದು ಬಂದು ಸಾಲಿನಲ್ಲಿ ನಿಂತೆವು. ದುರುಗಕ್ಕ ನನಗೊಂದು ಕರಿಮೂತಿಯ ಕುರಿ ಹಿಡಿಸಿದರು. ಒಂದೂ ಬಿಡದೆ ಎಲ್ಲಕ್ಕೂ ಲಸಿಕೆ ಬಿತ್ತು. ಹಿಂಡುಗಳು ಅಪಾರವಾಗಿ ವೃದ್ಧಿಸಿದ್ದಕ್ಕೆ ದುರ್ಗದಿಂದ ಪ್ರಶಂಸಾಪತ್ರವೂ ಬಂತು.

ಮೊನ್ನೆ ದುರುಗಕ್ಕ ಫೋನು ಮಾಡಿದರು.

"ಮಂಗಳವ್ವ, ನಿನ್ ಹಿಂಡು ರಂಗಪ್ಪನ ಶೇಂಗಾ ಹೊಲಕ್ಕೆ ನುಗ್ಗೈತೆ. ಬಂದು ಮಾತಾಡು."

"ನನ್ನದಾ?"

"ಕಂಪ್ಯೂಟರ್‌ನಾಗೆ ಹಂಗೇ ಐತಂತಲ್ಲ."

ಅರ್ಧ ದಿನದ ರಜೆಗೆ ಅರ್ಜಿ ಬರೆದು, ಕಾರಣ 'ಸ್ವಂತ ಹಿಂಡಿನ ದಾಂಧಲೆ' ಎಂದು ನಮೂದಿಸಿ ಕಾರ್ಯದರ್ಶಿಗಳ ಕೋಣೆಗೆ ಹೋದೆ. ಕುರ್ಚಿ ಖಾಲಿ ಇತ್ತು. ಅವರ ಹಿಂಡೂ ಅದೇ ಹೊಲದಲ್ಲಿತ್ತಂತೆ. ಮೊದಲ ಬಸ್ಸಿಗೇ ಹೋಗಿದ್ದರು.