ಟೈಲರ್ ಬಸಿದ ಸೂಪು

ಕೆಳಮನೆಯ ಟೈಲರನ್ನು ನಾನು ಮೊದಲು ಕಂಡದ್ದು ಒಂದು ಭಾನುವಾರ, ಬೆಳಗಿನ ಐದು ಗಂಟೆಗೆ. ಮೆಟ್ಟಿಲ ಮೇಲೆ ಕುಳಿತು ಅಳತೆಪಟ್ಟಿಯಿಂದ ಕ್ಯಾರೆಟ್ ಅಳೆಯುತ್ತಿದ್ದರು.

"ಸೂಪಿಗೆ ಅರ್ಧ ಇಂಚಿಗೊಂದು ಹೋಳು ಅಂದಿದ್ದಾಳೆ ನಮ್ಮನೆಯವಳು ಸಾರ್. ಹೆಚ್ಚೋದ್ರಲ್ಲಿ ಹೆಚ್ಚುಕಮ್ಮಿ ಆಗಬಾರದು ನೋಡಿ."

(ಮೂವತ್ತೈದು ವರ್ಷ ಮೇಷ್ಟ್ರಾಗಿದ್ದೆ, ಇಷ್ಟು ಶ್ರದ್ಧೆಯ ವಿದ್ಯಾರ್ಥಿ ಒಬ್ಬನೂ ಸಿಕ್ಕಿರಲಿಲ್ಲ.)

ಅಂದು ಅವರ ಮನೆಯಲ್ಲಿ ಯುದ್ಧಪರಿಸ್ಥಿತಿ. ಹೆಂಡತಿಯ ಬಲಗೈ ಉಳುಕಿತ್ತು. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಮಾವ ಎಂದಿನಂತೆ ಭಾನುವಾರದ ಸೂಪಿನ ಊಟಕ್ಕೆ ಬರುವವರಿದ್ದರು. ಮಾವ ನಿವೃತ್ತ ಸ್ಟೇಷನ್ ಮಾಸ್ಟರು. ರೈಲು ತಡವಾದರೂ ಅವರ ಹಸಿವು ತಡವಾಗದು. ಮೂವತ್ತು ವರ್ಷದಲ್ಲಿ ಅಳಿಯನನ್ನು ಒಮ್ಮೆಯೂ ಹೊಗಳಿದವರಲ್ಲ. ಅಳಿಯ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದ ಕೋಟನ್ನು ತೊಟ್ಟು, "ಗುಂಡಿ ಎಲ್ಲ ಇದೆ" ಎಂದಿದ್ದರು, ಅಷ್ಟೇ. ಆ ಬಾಯಿಂದ ಒಂದು 'ಭೇಷ್' ಹೊರಡಿಸಲೇಬೇಕೆಂಬುದು ಟೈಲರ ಭೀಷ್ಮಪ್ರತಿಜ್ಞೆ.

"ಸೂಪು ನಾನೇ ಮಾಡ್ತೀನಿ," ಎಂದು ಹಿಂದಿನ ರಾತ್ರಿಯೇ ಹೆಂಡತಿಗೆ ಹೇಳಿದ್ದರು.

"ರೀ, ಹೋಟೆಲಿಂದ ತರಿಸೋಣ. ಅಪ್ಪನ ಮುಂದೆ ನನ್ನ ಮಾನ ಕಳೀಬೇಡಿ."

"ಅಡುಗೆಮನೆ ನನಗೇನು ಹೊಸದಾ?"

"ಹೊಸದಲ್ಲ. ಮೂವತ್ತು ವರ್ಷದಿಂದ ಬಸಿಯೋ ಕೆಲಸ ಮಾಡ್ತಾ ಬಂದಿದ್ದೀರಲ್ಲ!"

ಮಾತು ನಿಜ. ಆಲೂಗಡ್ಡೆಯೋ ನೂಡಲ್ಸೋ, ಭಾರದ ಪಾತ್ರೆ ಎತ್ತಬೇಕಾದಾಗಲೆಲ್ಲ ಆಕೆ "ರೀ!" ಎನ್ನುವರು, ಇವರು ಮಿಷನ್ ಬಿಟ್ಟು ಎದ್ದು ಬಂದು, ಸಿಂಕಿನಲ್ಲಿ ತೂತಿನ ಪಾತ್ರೆ ಇಟ್ಟು, ಸುರಿದು, ನೀರು ಇಳಿದ ಮೇಲೆ ಮರಳುವರು.

ಕೊನೆಗೆ ಆಕೆಯೇ ಹೇಳಿಕೊಟ್ಟಂತೆ ಕ್ಯಾರೆಟ್, ಆಲೂಗಡ್ಡೆ, ಈರುಳ್ಳಿ, ಬಟಾಣಿ ಸಣ್ಣ ಉರಿಯಲ್ಲಿ ಸುಮಾರು ಏಳು ಗಂಟೆ ಕಾಲ ಬೆಂದವು. ಪರಿಮಳ ನನ್ನ ಮನೆಯವರೆಗೂ ಏರಿ ಬಂತು. ಒಂದಕ್ಕೆ ಕಾಲು ಗಂಟೆ ಇತ್ತು. ಸೂಪು ಹೊನ್ನಿನ ಬಣ್ಣಕ್ಕೆ ತಿರುಗಿತ್ತು.

"ಇನ್ನು ಸೋಸಿಬಿಡಿ," ಎಂದಿತು ನಡುಮನೆಯಿಂದ ಹೆಂಡತಿಯ ದನಿ.

ಟೈಲರ ಕಣ್ಣು ಗಡಿಯಾರದ ಮೇಲೆ, ಕಿವಿ ಬಾಗಿಲ ಮೇಲೆ. ಕೈಗಳೋ, ತಮಗೆ ಬರುವ ಏಕೈಕ ವಿದ್ಯೆಯನ್ನು ತಾವಾಗಿಯೇ ಪ್ರದರ್ಶಿಸಿದವು. ಸಿಂಕು, ತೂತಿನ ಪಾತ್ರೆ, ಸುರಿ! ಏಳು ಗಂಟೆಯ ತಪಸ್ಸು ಗುಳುಗುಳು ಎಂದು ಚರಂಡಿಯ ಪಾಲಾಯಿತು. ಉಳಿದದ್ದು ಸಾರವೆಲ್ಲ ಬಿಟ್ಟುಕೊಟ್ಟ ತರಕಾರಿ.

"ಏನ್ರೀ, ಸದ್ದೇ ಇಲ್ಲ?"

"ಏ... ಏನಿಲ್ಲ ಕಣೇ! ಆರಿಸ್ತಾ ಇದ್ದೀನಿ!"

ಹತ್ತು ನಿಮಿಷ ಉಳಿದಿತ್ತು. ಕಣ್ಣಿಗೆ ಬಿದ್ದದ್ದು ಬ್ರೆಡ್ಡು. ತರಕಾರಿಯನ್ನು ಕಿವುಚಿ, ಕೈತುಂಬ ಬೆಣ್ಣೆ, ಮೆಣಸಿನ ಪುಡಿ, ಉಪ್ಪು ಬೆರೆಸಿ, ದಪ್ಪ ಹೋಳುಗಳ ನಡುವೆ ತುಂಬಿ, ಕಾವಲಿಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಅದರ ಮೇಲೆ ತಮ್ಮ ಇಸ್ತ್ರಿಪೆಟ್ಟಿಗೆಯನ್ನೇ ಹೇರಿದರು. ಅಂಚನ್ನು ಕತ್ತರಿಯಿಂದ ಟ್ರಿಮ್ ಮಾಡುವಾಗ ಕರೆಗಂಟೆ ಬಡಿಯಿತು.

ಮಾವ ಕುಳಿತರು. ತಟ್ಟೆ ನೋಡಿದರು. ಮಗಳನ್ನು ನೋಡಿದರು. ಕಚ್ಚಿದರು. ಅಗಿದರು. ಟೈಲರ ಜೀವ ಸೂಜಿಯ ಕಣ್ಣಿನಲ್ಲಿ ಸಿಕ್ಕಿಕೊಂಡಿತ್ತು.

"ಅಳಿಯಂದ್ರೇ."

"ಮಾವ?"

"ಮೂವತ್ತು ವರ್ಷದಿಂದ ನಾನು ಭಾನುವಾರ ಬಂದ್ರೆ ಇವಳು ಸೂಪು ಅಂತ ಬರೀ ನೀರು ಕುಡಿಸಿ ಕಳಿಸ್ತಿದ್ಲು. ಇವತ್ತು ಊಟ ಸಿಕ್ತು. ಭೇಷ್! ಇನ್ಮೇಲೆ ಪ್ರತಿ ವಾರ ಇದೇ ಇರಲಿ."

ಟೈಲರಿಗೆ ಸ್ವರ್ಗಕ್ಕೆ ಮೂರೇ ಗೇಣು. ಮುಂದಿನ ವಾರ ಜಾಣತನ ಮಾಡಿ ತರಕಾರಿಯನ್ನು ಇಪ್ಪತ್ತೇ ನಿಮಿಷ ಬೇಯಿಸಿದರು. ಒಂದೇ ತುತ್ತಿಗೆ ಮಾವ ಸ್ಯಾಂಡ್‌ವಿಚ್ ಕೆಳಗಿಟ್ಟರು. "ಆ ಮೆತ್ತಗಿನ ಹದ ಇಲ್ಲ. ಎಲ್ಲೋ ಆತುರಪಟ್ಟಿದ್ದೀರಿ."

ಹಾಗಾಗಿ ಇವತ್ತಿಗೂ ಟೈಲರು ಭಾನುವಾರ ಐದಕ್ಕೇ ಎದ್ದು ಕ್ಯಾರೆಟ್ ಅಳೆಯುತ್ತಾರೆ, ಏಳು ಗಂಟೆ ಬೇಯಿಸುತ್ತಾರೆ, ಬಸಿಯುತ್ತಾರೆ. ಒಂದೇ ವ್ಯತ್ಯಾಸ: ತೂತಿನ ಪಾತ್ರೆಯ ಕೆಳಗೆ ಈಗ ದೊಡ್ಡದೊಂದು ಪಾತ್ರೆ ಇರುತ್ತದೆ. ಅದನ್ನು ಇಟ್ಟವರು ಹೆಂಡತಿ. ಗುಳುಗುಳು ಸದ್ದನ್ನು ಅವರು ಮೊದಲ ದಿನವೇ ಕೇಳಿಸಿಕೊಂಡಿದ್ದರಂತೆ. ಕೈ ಉಳುಕು ಹೋಗಿ ಆರು ತಿಂಗಳಾಯಿತು, ಭಾನುವಾರ ಮಾತ್ರ ಮರುಕಳಿಸುತ್ತದೆ. ಅಂದು ಅವರು ಕಿಟಕಿಯ ಬಳಿ ಕಾಲು ಚಾಚಿ ಕುಳಿತು, ಬಟ್ಟಲಿನ ಸೂಪನ್ನು ಊದಿ ಊದಿ ಹೀರುತ್ತಾರೆ.

"ಬನ್ನಿ ಮೇಷ್ಟ್ರೇ, ನೀವೂ ಒಂದು ಬಟ್ಟಲು ಕುಡೀರಿ. ಇಂಥ ಸೂಪು ನನಗೂ ಮಾಡೋಕೆ ಬರಲ್ಲ."

ನಾನೂ ಕುಡಿಯುತ್ತೇನೆ, ಅಮೃತ. ಅದನ್ನು ಮಾಡಿದ ಪುಣ್ಯಾತ್ಮರಿಗೆ ಮಾತ್ರ ಇದುವರೆಗೂ ಅದರ ಒಂದು ಹನಿ ದಕ್ಕಿಲ್ಲ. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಬಟ್ಟಲಿಗೆ ಕೈ ಚಾಚುವಷ್ಟರಲ್ಲಿ ಊಟದ ಮೇಜಿನಿಂದ ಕೇಳಿಬರುತ್ತದೆ:

"ಅಳಿಯಂದ್ರೇ, ಇನ್ನೊಂದು!"