ಕಾಕಾನ ಕಾರು ಮತ್ತು ಚಾಂದಣಿ ಚೌಕದ ಏರು

ನಮ್ಮ ಕಾಕಾ ಈ ಜಗತ್ತಿನಲ್ಲಿ ಹೆದರದೇ ಇದ್ದದ್ದು ಒಂದೇ ಒಂದಕ್ಕೆ. ಹೆದರುವುದಕ್ಕೆ! ಅದನ್ನು ಮಾತ್ರ ಹಾಡುಹಗಲಲ್ಲಿ, ನಾಲ್ಕು ಜನರೆದುರು, ಯಾವ ಸಂಕೋಚವೂ ಇಲ್ಲದೆ ಮಾಡುತ್ತಿದ್ದರು. ಪುಣೆಯ ಕೋಥರೂಡದ ಅವರ ಸೊಸೈಟಿಯಲ್ಲಿ ಲಿಫ್ಟ್ ಇತ್ತು. ಹಗ್ಗ ಹರಿದೀತೆಂದು ಮೆಟ್ಟಿಲು ಹತ್ತುತ್ತಿದ್ದರು. ಮೆಟ್ಟಿಲಲ್ಲಿ ಜಾರಿಯೇನೆಂದು ಗೋಡೆ ಹಿಡಿಯುತ್ತಿದ್ದರು. ಮಳೆಗಾಲದಲ್ಲಿ ಗೋಡೆಗೆ ಕರೆಂಟು ಇಳಿದೀತೆಂದು ಅದನ್ನೂ ಬಿಟ್ಟರು. ಇಂಥವರು ಕಾರು ಓಡಿಸುತ್ತಿದ್ದರೆಂದರೆ ನಂಬುತ್ತೀರಾ? ಓಡಿಸುತ್ತಿದ್ದರು, ಸೈಕಲ್ಲಿನವರು ಹಿಂದಿನಿಂದ ಬೆಲ್ಲು ಹೊಡೆದು ದಾರಿ ಕೇಳುವಷ್ಟು ಜೋರಾಗಿ.

ಬೆಳಗಾವಿಯಿಂದ ಗುಮಾಸ್ತರಾಗಿ ಬಂದು ಪುಣೆಯಲ್ಲೇ ತಲೆ ಹಣ್ಣಾದ ಕಾಕಾ, ಆ ಬೂದುಬಣ್ಣದ ಕಾರನ್ನು ಮಗುವಿನ ಹಾಗೆ ಒರೆಸಿ ಇಟ್ಟಿದ್ದರು. ಅದು ಸಪಾಟು ರಸ್ತೆಯಲ್ಲಿ ಬಂಗಾರದಂಥ ಗಾಡಿ. ಏರು ಕಂಡರೆ ಮಾತ್ರ ಕೆಮ್ಮುತ್ತಿತ್ತು. ಕೆಮ್ಮು ಮನೆಯಲ್ಲೂ ಇತ್ತು. ಕಾಕಾನ ಹೆಂಡತಿ, ನಮ್ಮ ಕಾಕೂಗೆ ದಮ್ಮು. ಒಂದು ದಿನ ಇಬ್ಬರ ಕೆಮ್ಮೂ ಒಟ್ಟಿಗೆ ಬಂತು. ಉಸಿರು ಸಿಕ್ಕಿಕೊಂಡ ಕಾಕೂನನ್ನು ಬಾವಧನದ ಡಾಕ್ಟರರ ಕಡೆ ಒಯ್ಯುವಾಗ ಚಾಂದಣಿ ಚೌಕದ ಏರಿನ ನಟ್ಟನಡುವೆ ಕಾರು ನಿಂತುಬಿಟ್ಟಿತು. ಯಾರೋ ಪುಣ್ಯಾತ್ಮರು ತಮ್ಮ ಗಾಡಿಯಲ್ಲಿ ಮುಟ್ಟಿಸಿದರು, ಜೀವ ಉಳಿಯಿತು. ಹೊಸ ಕಾರು ತಗೊಳ್ಳಲೇಬೇಕೆಂದು ಕಾಕಾ ಅಂದೇ ಹಟ ತೊಟ್ಟರು. ಆದರೆ ಹಳೆಯದಕ್ಕೆ ನ್ಯಾಯವಾದ ಬೆಲೆ ಬಂದರಷ್ಟೇ ಹೊಸದು ಕೈಗೆಟುಕುತ್ತಿತ್ತು. ಬರದಿದ್ದರೆ ಕಾಕೂ ಮತ್ತೆ ಇದರಲ್ಲೇ ಆ ಏರು ಹತ್ತಬೇಕು.

ಮಾರಾಟದ ಮಾತು ಶುರುವಾದದ್ದು ಅಡುಗೆಮನೆಯಲ್ಲಿ, ಕಿಟಕಿ ಮುಚ್ಚಿ, ಪಿಸುದನಿಯಲ್ಲಿ. ಯಾಕೆ? ಕೆಳಗೆ ನಿಂತ ಗಾಡಿಗೆ ಕೇಳಿಸಬಾರದು!

"ಕಾಕಾ, ಗಾಡಿಗೆ ಕಿವಿ ಎಲ್ಲಿ ಅವ?" ಎಂದೆ.

"ಹಾರ್ನ್ ಎಲ್ಲಿ ಅದ ಅಲ್ಲೇ ಇರತಾವ. ನೀ ಸಾವಕಾಶ ಮಾತಾಡು. ಮಾರತಾರ ಅಂತ ತಿಳದ್ರ ಅದು ಮುನಿಸಿಕೊಂಡು ನಾಳೆ ಚಾಲೂನ ಆಗೂದಿಲ್ಲ."

ಮೊದಲು ಬಂದ ದಲ್ಲಾಳಿ ಟೈರಿಗೆ ಕಾಲಿನಿಂದ ಎರಡು ಒದ್ದು, ಗುಜರಿಯ ಬೆಲೆ ಹೇಳಿದ. ಒದ್ದದ್ದು ತಮಗೇ ಎಂಬಂತೆ ಕಾಕಾ ಮೊಣಕಾಲು ನೀವಿಕೊಂಡರು. ಎರಡನೆಯವನು ಒಂದು ಸುತ್ತು ಓಡಿಸಿ ನೋಡುತ್ತೇನೆಂದ. ಅವನು ಹಾಗೇ ಗಾಡಿ ಹೊಡೆದುಕೊಂಡು ಹೋದರೆ ಏನು ಗತಿ? ಕಾಕಾ ತಾವು ಮುಂದೆ ಕೂತು, ನನ್ನನ್ನೂ ಕಾಕೂನನ್ನೂ ಹಿಂದೆ ಕೂರಿಸಿ, ಪಕ್ಕದ ಮನೆಯ ಅಜ್ಜನನ್ನೂ ಕರೆದರು. ಇಷ್ಟು ಭಾರ ಹೊತ್ತ ಕಾರು ಗೇಟಿನ ದಿಬ್ಬವನ್ನೇ ಹತ್ತಲಿಲ್ಲ. ದಲ್ಲಾಳಿ ಕೈಮುಗಿದು ನಡೆದೇ ಹೋದ.

ಕೊನೆಗೆ, ಹಳೆಯದನ್ನು ತಗೊಂಡು ಹೊಸದು ಕೊಡುವ ವಿಮಾನ ನಗರದ ಒಂದು ಶೋರೂಮಿಗೆ ಮೂವರೂ ಹೊರಟೆವು. ಬೆಳಿಗ್ಗೆ ಕಾಕಾ ಬಾನೆಟ್ಟಿನ ಹತ್ತಿರ ನಿಂತು ಗಟ್ಟಿಯಾಗಿ, "ಪರ್ವತಿಗೆ ಹೋಗಿ ದೇವರ ದರ್ಶನಾ ಮಾಡಿ ಬರೂಣು ನಡೀರಿ" ಅಂದರು. ಕಾರು ಪಾಪ, ನಂಬಿತು. ದಾರಿಯುದ್ದಕ್ಕೂ ಕಾಕಾ ಸ್ಟೀರಿಂಗನ್ನು ಸವರಿ ಪುಸಲಾಯಿಸುತ್ತಿದ್ದರು, ಒಂದೊಂದು ಸಿಗ್ನಲ್ಲಿನಲ್ಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ನಡುವೆ ನಿಂತರೆ ಬೆಲೆಯ ಮಾತೇ ಮುಗಿದಂತೆ.

ಈಗ ಪುಣೆಯ ನಮ್ಮಂಥ ಕನ್ನಡಿಗರ ಒಂದು ಚಟ ಹೇಳಬೇಕು. ಹೊಸ್ತಿಲು ದಾಟಿದರೆ ನಾವು ಮರಾಠಿ. ಚೌಕಾಸಿಗೆ ನಿಂತರೆ ಮಾತ್ರ ನಮ್ಮನಮ್ಮೊಳಗೆ ಕನ್ನಡ. ಸೀರೆ ಅಂಗಡಿಯಾಗಲಿ, ಕಾಯಿಪಲ್ಯೆಯ ಗಾಡಿಯಾಗಲಿ, "ಭಾಳ ಹೇಳ್ಯಾನ, ಎದ್ದು ಹೋದಂಗ ಮಾಡೂಣು" ಎಂದು ಅವರ ಮುಖದ ಮುಂದೆಯೇ ಸಂಚು ಹೂಡುತ್ತೇವೆ. ಶೋರೂಮಿನಲ್ಲಿ ಗಾಡಿ ಪರೀಕ್ಷಿಸುವವನು ಅಚ್ಚ ಮರಾಠಿಯಲ್ಲಿ ನಮಸ್ಕಾರ ಹೇಳಿ ಬಾನೆಟ್ ಎತ್ತಿದ. ಕಾಕಾ ಅವನ ಬೆನ್ನ ಹಿಂದೆಯೇ ನನ್ನ ಜೊತೆ ಕನ್ನಡ ಶುರು ಮಾಡಿದರು.

"ಎರಡನೇ ಗೇರಿನ ಮಾತು ತಗೀಬ್ಯಾಡ. ಏರಿನ್ಯಾಗ ನಿಲ್ಲತದ ಅನ್ನೂದಂತೂ ಸತ್ರೂ ಹೇಳಬ್ಯಾಡ."

"ಕೇಳಿದ್ರ?"

"ಸಪಾಟ ರಸ್ತಾದಾಗ ಎಂದೂ ನಿಂತಿಲ್ಲ ಅನ್ನು. ಖರೇನ ಅದ."

ಕಾಕೂ ನಡುವೆ ಬಂದರು. "ಈ ಕಳ್ಳಾಟ ಯಾಕ್ರಿ? ಹೊಸಾದು ಬ್ಯಾಡ. ನಾ ರಿಕ್ಷಾದಾಗ ಹೋಗತೇನಿ."

"ರಿಕ್ಷಾದ ಹೊಗಿ ಕುಡದ್ರ ನಿನ್ನ ಗತಿ ಏನು?" ಕಾಕಾನ ದನಿ ತೆಳುವಾಯಿತು. "ಅವತ್ತು ನೀ ಉಸಿರಿಗೆ ಬಾಯಿ ತಗದು ಕೂತಿದ್ದಿ. ನನ್ನ ಕೈಯಾಗ ಬರೇ ಒಂದು ಕೀಲಿಕೈ ಇತ್ತು. ತಿರುವಿದೆ, ತಿರುವಿದೆ, ಎಷ್ಟು ತಿರುವಿದ್ರೂ ಅದು ಹೂಂ ಅನಲಿಲ್ಲ. ಇನ್ನೊಮ್ಮೆ ನನ್ನ ಕೈಲೆ ಅದು ಆಗೂದಿಲ್ಲ."

ಪರೀಕ್ಷಕ ಕೈ ಒರೆಸಿಕೊಂಡು ತಿರುಗಿದ. ಅಪ್ಪಟ ಗದಗಿನ ಕನ್ನಡದಲ್ಲಿ, "ಎರಡನೇ ಗೇರು ಬರೋಬರಿ ಇಲ್ಲ ಅಂತ ನಾನೂ ನೋಡೇನ್ರಿ ಕಾಕಾ" ಅಂದ.

ಕಾಕಾನ ಮುಖ ಬಿಳಿಚಿಕೊಂಡಿತು. ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ಪೊಲೀಸರನ್ನ ಕರಸ್ತಾನೇನೋ?" ಅದನ್ನೂ ಕನ್ನಡದಲ್ಲೇ!

"ಇಲ್ರಿ, ಚಹಾ ಕರಸ್ತೇನಿ" ಎಂದ ಅವನು. ಆಮೇಲೆ ಬೆಲೆ ಹೇಳಿದ. "ಗೇರು, ಏರು ಎಲ್ಲಾ ಹಿಡದ ಹೇಳೇನ್ರಿ. ಗಾಡಿ ಇಟ್ಟ ರೀತಿನೂ ಹಿಡದೇನಿ. ಇದಕ್ಕಿಂತ ಹೆಚ್ಚಂದ್ರ ನಮ್ಮ ಮಾಲಕರಿಗೆ ಮೋಸ, ಕಡಿಮಿ ಅಂದ್ರ ನಿಮಗ ಮೋಸ."

ಹೊಸದಕ್ಕೆ ಸಾಕಾಗುವ ಬೆಲೆಯೇ ಅದು. ಕಾಕಾ ಒಪ್ಪಿದರು, ಮರುಕ್ಷಣ ಹೆದರಿದರು. "ಇಷ್ಟು ಯಾಕ ಕೊಡತಾನ? ನಮ್ಮ ಗಾಡ್ಯಾಗ ನಮಗ ಗೊತ್ತಿಲ್ಲದ್ದು ಏನರ ಅದ ಏನು?" ಎಂದು ಕೀಲಿಕೈ ಕೊಡುವ ತನಕ ಸೀಟಿನ ಕೆಳಗೆಲ್ಲ ಹುಡುಕಿದರು. ಒಂದು ಹಳೆಯ ಪೆಪ್ಪರಮಿಂಟು ಸಿಕ್ಕಿತು.

ಹೊಸ ಕಾರು ಮನೆಗೆ ಬಂದ ವಾರ ಕಾಕೂನನ್ನು ಡಾಕ್ಟರರ ಕಡೆ ಕರೆದೊಯ್ಯುವುದಿತ್ತು. ನಾನು ಹಿಂದೆ ಕೂತೆ. ಚಾಂದಣಿ ಚೌಕದ ಏರು ಬಂತು. ಅಲ್ಲಿಯವರೆಗೆ ಟ್ರಕ್ಕು, ನಾಯಿ, ಟ್ರಾಫಿಕ್ ಪೊಲೀಸು, ಎಲ್ಲಕ್ಕೂ ಹೆದರುತ್ತ ಬಡಬಡಿಸುತ್ತಿದ್ದ ಕಾಕಾ ಒಮ್ಮೆಲೇ ಸುಮ್ಮನಾದರು. ಅಂದು ಹಳೆಯ ಕಾರು ನಿಂತಿದ್ದ ಜಾಗ ದಾಟಿದೆವು. ಏರು ಹತ್ತಿ ಮೇಲೆ ಬಂದದ್ದೇ ಕಾಕಾ ಗಾಡಿಯನ್ನು ಬದಿಗೆ ನಿಲ್ಲಿಸಿದರು. ಮುಖವೆಲ್ಲ ಕೆಂಪಾಗಿತ್ತು. ಕಾಕೂ ಕಡೆ ಹೊರಳಿ, ಗಂಟಲಲ್ಲೇ ಕೇಳಿದರು.

"ಉಸಿರು ಹೆಂಗದ?"

ಕಾಕೂ ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದರು.

"ನಂದು ಚಲೋ ಅದ. ನೀವು ನಿಮ್ಮದು ಬಿಡ್ರಿ ಮೊದಲ. ಏರು ಹತ್ತಲಿಕ್ಕೆ ಸುರು ಮಾಡಿದಾಗಿಂದ ಹಿಡಕೊಂಡು ಕೂತೀರಿ."