ನಗಿಸದೆ ಹಲ್ಲು ಕೊಡದ ಡಾಕ್ಟರು

ನನ್ನ ಗೆಳತಿ ಹಲ್ಲಿನ ಡಾಕ್ಟರು. ಆದರೆ ಇಷ್ಟು ವರ್ಷಗಳಲ್ಲಿ ಅವಳು ಒಂದೇ ಒಂದು ಬಿಳಿ ಹಲ್ಲು ಮಾಡಿದವಳಲ್ಲ! ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ಬಿಳಿ ಹಲ್ಲು ಇರುದು ಪೇಸ್ಟಿನ ಪೆಟ್ಟಿಗೆಯ ಮೇಲೆ. ಮನುಷ್ಯರ ಬಾಯಲ್ಲಿ ಎಲ್ಲುಂಟು?” ಅವಳ ಹೆಸರು ಮಾತ್ರ ಹೇಳುವುದಿಲ್ಲ. ನನ್ನ ಎರಡು ದವಡೆ ಹಲ್ಲುಗಳು ಅವಳ ಸುಪರ್ದಿಯಲ್ಲಿವೆ. ಅವಳು ಸಿಟ್ಟು ಮಾಡಿಕೊಂಡರೆ ನಾನು ಅಗಿಯುವುದು ಹೇಗೆ?

ಮಂಜೇಶ್ವರದ ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳ ಮನೆಯಲ್ಲಿ ಕೊಂಕಣಿ, ನಮ್ಮ ಮನೆಯಲ್ಲಿ ತುಳು, ನಮ್ಮಿಬ್ಬರ ಜಗಳಕ್ಕೆ ಕನ್ನಡ. ಈಗ ಅವಳ ಕ್ಲಿನಿಕ್ಕು ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ, ಒಂದು ಮಹಡಿಯ ಮೇಲೆ. ಮೊದಲೆಲ್ಲ ಹಲ್ಲಿನ ಅಚ್ಚು ತೆಗೆದು ಮಂಗಳೂರಿಗೆ ಕಳಿಸುತ್ತಿದ್ದಳು; ವಾರ ಕಳೆದು ಹಲ್ಲು ಬಸ್ಸಿನಲ್ಲಿ ಬರುತ್ತಿತ್ತು. ಬಂದ ಹಲ್ಲಿನ ಬಣ್ಣ ಕಂಡು ಇವಳಿಗೆ ತಲೆನೋವು ಬರುತ್ತಿತ್ತು. “ಮುಖ ನೋಡದೆ ಹಲ್ಲು ಮಾಡುದು ಎಂತ ಕೆಲಸ ಮಾರಾಯ್ತಿ?” ಎಂದು ಗೊಣಗಿ ಗೊಣಗಿ ಕೊನೆಗೆ ಯಂತ್ರವನ್ನೇ ತರಿಸಿಕೊಂಡಳು. ಈಗ ಬಾಯೊಳಗೆ ಕ್ಯಾಮರಾ ಆಡಿಸಿ, ಕಂಪ್ಯೂಟರಿನಲ್ಲಿ ಆಕಾರ ತಿದ್ದಿದರೆ ಸಾಕು, ಪಕ್ಕದ ಯಂತ್ರ ನೀರು ಚಿಮ್ಮಿಸುತ್ತಾ ಪಿಂಗಾಣಿಯ ತುಂಡಿನಿಂದ ಹಲ್ಲು ಕಡೆದು ಕೊಡುತ್ತದೆ. ನಾನು ಮೊದಲ ಸಲ ನೋಡಿದಾಗ ಹೌಹಾರಿದ್ದೆ. ಹೊರಬಂದ ಹಲ್ಲು ನೇರಳೆ ಬಣ್ಣದ್ದು!

“ಇದು ಯಾರಿಗೆ, ಯಕ್ಷಗಾನ ಆಟದ ರಾಕ್ಷಸ ವೇಷದವರಿಗಾ?”

“ಇನ್ನೂ ಹಸಿ ಉಂಟು. ಬೆಂದ ಮೇಲೆ ಮಾತಾಡು.”

ಬೇಯುವ ಮೊದಲೇ ಅವಳ ಹುಚ್ಚು ಶುರುವಾಗುತ್ತದೆ. ಯಂತ್ರ ಕೊಟ್ಟ ಹಲ್ಲು ತೀರಾ ನುಣುಪು, ತೀರಾ ಸಭ್ಯ. ಅದು ಅವಳಿಗೆ ಆಗದು. ಸಣ್ಣ ಚಕ್ರದಲ್ಲಿ ಉಜ್ಜಿ ಏರು ತಗ್ಗು ಮಾಡಬೇಕು, ಅಂಚು ಸವೆಸಬೇಕು. ಆಮೇಲೆ ಎಣಿಸಿದರೆ ಹತ್ತು ಕೂದಲೂ ಇಲ್ಲದ ಕುಂಚ ಹಿಡಿದು ಉಸಿರು ಬಿಗಿಹಿಡಿದು ಕೂರುತ್ತಾಳೆ. ಬುಡಕ್ಕೆ ಜೇನಿನ ಬಣ್ಣ, ತುದಿಗೆ ಎಳನೀರು ಬೊಂಡದ ಎಳೆಗಂಜಿಯ ಹಾಗೆ ಒಂದು ನೀಲಿ ಛಾಯೆ, ನಡುವೆ ಕಂಡೂ ಕಾಣದ ಒಂದು ಬಿರುಕು. ಮೇಲೆ ಹೊಳಪಿನ ಲೇಪ. ಕೊನೆಗೆ ರೈಸ್ ಕುಕ್ಕರಿನಷ್ಟೇ ದೊಡ್ಡದಿರುವ ಕುಲುಮೆ. ಅದರ ಮುಂದೆ ಅವಳು ಕಾಯುವುದನ್ನು ನೋಡಬೇಕು, ಮನೆಯೊಳಗೆ ಹೆರಿಗೆಯಾಗುತ್ತಿದೆಯೋ ಎಂಬಂತೆ!

ಉಪ್ಪಳದ ಸಾಹುಕಾರರೊಬ್ಬರು ಮಗಳ ಮದುವೆಗೆಂದು ದುಬೈಯಿಂದ ಬಂದವರು ಮುಂದಿನ ಹಲ್ಲು ಹಾಕಿಸಿಕೊಳ್ಳಲು ಬಂದರು. “ಬೆಳ್ಳಗೆ ಪಳಪಳ ಅನ್ಬೇಕು ಡಾಕ್ಟ್ರೇ. ಅಲ್ಲಿ ಎಲ್ಲ ಹಾಗೇ ಹಾಕುದು.”

“ಟ್ಯೂಬ್‌ಲೈಟ್ ಬೇಕಾದ್ರೆ ಕೆಳಗೆ ಕರೆಂಟಿನ ಅಂಗಡಿ ಉಂಟು,” ಎಂದಳು ಇವಳು. ಅವರ ಉಳಿದ ಹಲ್ಲುಗಳಿಗೆ ಹೊಂದುವಂತೆ ಮೂವತ್ತು ವರ್ಷದ ಸುಲೈಮಾನಿ ಚಹಾದ ಕಲೆಯನ್ನೂ ಸೇರಿಸಿ ಹಲ್ಲು ಮಾಡಿಕೊಟ್ಟಳು. ಮದುವೆ ಮುಗಿಸಿ ಅವರು ದೂರು ಹೇಳಲು ಬಂದರು. “ಸಾವಿರ ಜನ ಬಂದಿದ್ರು. ಹೊಸ ಹಲ್ಲು ಅಂತ ಒಬ್ಬರಿಗೂ ಗೊತ್ತಾಗ್ಲಿಲ್ಲ! ಹಾಗಾದ್ರೆ ಹಾಕಿಸಿ ಎಂತ ಉಪಯೋಗ?” ಅವಳ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಬಂದದ್ದು ನನಗೆ ಗೊತ್ತಿಲ್ಲ.

ಹಲ್ಲಿನ ಬಣ್ಣ ಹೋಲಿಸುವ ಮಾದರಿ ಪಟ್ಟಿ ಅವಳ ವ್ಯಾನಿಟಿ ಬ್ಯಾಗಿನಲ್ಲೇ ಇರುತ್ತದೆ. ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಪೈಂಟರು ತಂದ ಪುಸ್ತಕವನ್ನು ಪಕ್ಕಕ್ಕೆ ತಳ್ಳಿ ಇದನ್ನು ಗೋಡೆಗೆ ಹಿಡಿದಳು. ಪರಿಣಾಮವಾಗಿ ನಮ್ಮ ಮನೆಯ ಹೊರಗೋಡೆ ಇವತ್ತಿಗೂ ಯಾರೋ ಅರವತ್ತು ವರ್ಷದವರ ಕೋರೆಹಲ್ಲಿನ ಬಣ್ಣದಲ್ಲಿದೆ. ನೋಡಿದವರೆಲ್ಲ ಚಂದ ಉಂಟು ಎನ್ನುತ್ತಾರೆ. ಗುಟ್ಟು ನನಗೊಬ್ಬಳಿಗೆ ಗೊತ್ತು!

ಇಷ್ಟೆಲ್ಲ ಸಹಿಸಬಹುದು. ಆದರೆ ಅವಳಿಗೊಂದು ನಿಯಮವಿತ್ತು. ಬೆಂದ ಹಲ್ಲನ್ನು ಅಂಟಿಸುವ ಮೊದಲು ಸುಮ್ಮನೆ ಅದರ ಜಾಗದಲ್ಲಿ ಕೂರಿಸಿ, ರೋಗಿಯನ್ನು ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ನಿಲ್ಲಿಸಿ, ನಗಿಸುವುದು. ಫೋಟೋಕ್ಕೆ ನಗುವ ನಗು ಅಲ್ಲ, ನಿಜವಾದ ನಗು. “ನಗುವಾಗ ತುಟಿ ಎಲ್ಲಿಗೆ ಹೋಗ್ತದೆ, ನೆರಳು ಎಲ್ಲಿ ಬೀಳ್ತದೆ, ಅದು ನೋಡದೆ ಹಲ್ಲು ಮುಗಿಯುದಿಲ್ಲ.” ಅದಕ್ಕೆಂದೇ ಅವಳ ಬಳಿ ಜೋಕುಗಳ ದಾಸ್ತಾನು. ನಕ್ಕ ಮೇಲೆ ಹಲ್ಲನ್ನು ತೆಗೆದು ಮತ್ತೊಂದು ಗೆರೆ ಎಳೆದು ಮತ್ತೆ ಬೇಯಿಸುವುದೂ ಉಂಟು. ನಾನೂ ಅದನ್ನು ಎಷ್ಟೋ ಜನರಿಗೆ ತಮಾಷೆಯಾಗಿ ಹೇಳಿದ್ದೇನೆ. ಅಂಟಿಸದ ಹಲ್ಲು, ಬಾಯಿ ತುಂಬ ನಗು. ಈ ಎರಡನ್ನು ಒಟ್ಟಿಗೆ ಇಟ್ಟು ಒಮ್ಮೆಯೂ ಯೋಚಿಸಲಿಲ್ಲವಲ್ಲ ನಾನು, ಡಿಗ್ರಿ ಓದಿದವಳು!

ನನ್ನ ಗಂಡ ಹೈಸ್ಕೂಲಿನಲ್ಲಿ ಲೆಕ್ಕದ ಮಾಷ್ಟ್ರು. ಪೆರ್ಲದ ಬಸ್ಸಿನಲ್ಲಿ ನಿಂತು ಬರುವಾಗ ಡ್ರೈವರು ಗಕ್ಕನೆ ಬ್ರೇಕು ಹಾಕಿ, ಇವರ ಮುಂದಿನ ಹಲ್ಲು ಕಂಬಿಗೆ ಬಡಿದು ಮುರಿಯಿತು. ಮನೆಗೆ ಬಂದು ಕರವಸ್ತ್ರ ಬಾಯಿಗೆ ಹಿಡಿದುಕೊಂಡೇ, “ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋಗಿದೆ,” ಎಂದರು. ಇವರು ಹಾಗೆಯೇ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಇವರು ಗಟ್ಟಿಯಾಗಿ ನಕ್ಕದ್ದನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಡಾಕ್ಟರಿಗೆ ಇದೊಂದು ಪಂಥವೇ ಆಯಿತು. ಬೆಂದ ಹಲ್ಲನ್ನು ಇವರ ಬಾಯಲ್ಲಿ ಕೂರಿಸಿ, ಕಿಟಕಿಯ ಬಳಿ ನಿಲ್ಲಿಸಿ ಮೊದಲ ಜೋಕು ಹೇಳಿದಳು. ಇವರು “ಹೌದಾ?” ಎಂದರು. ಎರಡನೆಯದಕ್ಕೆ “ಆಮೇಲೆ?” ಎಂದರು. ಮೂರನೆಯದರಲ್ಲಿ ಒಂದು ತಪ್ಪು ಹುಡುಕಿದರು. ಅವಳು ನನ್ನ ಕಡೆ ತಿರುಗಿದಳು. ಆ ಕಣ್ಣು ಕಂಡದ್ದೇ ನನಗೆ ಗೊತ್ತಾಯಿತು.

“ಬೇಡ ಮಾರಾಯ್ತಿ!” ಎಂದೆ.

“ಮಾಷ್ಟ್ರೇ, ನಿಮ್ಮ ಹೆಂಡತಿ ಏಳನೇ ಕ್ಲಾಸಲ್ಲಿ ಲೆಕ್ಕದಲ್ಲಿ ನಾಲ್ಕು ಮಾರ್ಕು ತೆಗೆದದ್ದು ನಿಮಗೆ ಹೇಳಿದ್ದಾಳಾ?”

“ಇಲ್ಲ.”

“ಅಪ್ಪ ಬೈತಾರೆ ಅಂತ ನಾಲ್ಕರ ಹತ್ತಿರ ಒಂದು ಸೊನ್ನೆ ಹಾಕಿದ್ಲು. ನಲವತ್ತು! ಅಪ್ಪ ಖುಷಿಯಲ್ಲಿ ಸೈನ್ ಹಾಕಿದ್ರು.”

“ಆಮೇಲೆ?”

“ಆಮೇಲೆ ಎಂತ? ಪರೀಕ್ಷೆ ಇದ್ದದ್ದು ಇಪ್ಪತ್ತೈದಕ್ಕೆ!”

ಇವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ತಲೆ ಹಿಂದಕ್ಕೆ ಹಾಕಿ, ಹೊಟ್ಟೆ ಹಿಡಿದುಕೊಂಡು, ನಾನು ಎಂದೂ ಕಂಡಿರದ ಹಾಗೆ ನಕ್ಕರು. ನಾಚಿಕೆಯಲ್ಲೂ ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನೂ ನಗತೊಡಗಿದೆ.

ಆ ನಗು ನಡುವೆಯೇ ನಿಂತಿತು. ಸದ್ದೇ ಇಲ್ಲ. ಕೆಮ್ಮೂ ಇಲ್ಲ. ಬಾಯಿ ತೆರೆದಿತ್ತು, ಮುಂದಿನ ಹಲ್ಲಿನ ಜಾಗ ಖಾಲಿ. ಎರಡೂ ಕೈ ಕುತ್ತಿಗೆಗೆ ಹೋದವು.

ಗೆಳತಿ ಇವರನ್ನು ಬಗ್ಗಿಸಿ ಬೆನ್ನಿನ ನಡುವೆ ಅಂಗೈಯಿಂದ ಗುದ್ದಿದಳು. ಒಂದು, ಎರಡು, ಐದು. ಆಗಲಿಲ್ಲ. ಇವರ ಭುಜಕ್ಕೂ ಬಾರದ ಕುಳ್ಳಿ, ಹಿಂದಿನಿಂದ ಹೊಟ್ಟೆಯನ್ನು ತಬ್ಬಿ, ಮುಷ್ಟಿ ಕಟ್ಟಿ ಒಳಕ್ಕೂ ಮೇಲಕ್ಕೂ ಎಳೆದಳು. ಇವರ ತುಟಿಯ ಬಣ್ಣ ಬದಲಾಗುತ್ತಿತ್ತು. ನಾನೇನು ಮಾಡುತ್ತಿದ್ದೆ? ಇವರ ಕನ್ನಡಕ ಹಿಡಿದುಕೊಂಡು ನಿಂತಿದ್ದೆ. ಮೂರನೆಯ ಸಲ ಎಳೆದಾಗ ಕಿಟಕಿಯ ಸರಳಿಗೆ ಏನೋ ಟಣ್ಣೆಂದು ಬಡಿಯಿತು. ಮರುಕ್ಷಣ ಇವರ ಉಸಿರಿನ ಸದ್ದು ಕೇಳಿತು, ಹರಿದ ಬಟ್ಟೆಯಂಥ ಸದ್ದು.

ಎಲ್ಲ ಸೇರಿ ಅರ್ಧ ನಿಮಿಷವಂತೆ. ಆ ಅರ್ಧ ನಿಮಿಷವನ್ನು ನಾನು ಇನ್ನೂ ಮುಗಿಸಿಲ್ಲ. ದೋಸೆ ಹೊಯ್ಯುವಾಗ ಇವರು ಚಾವಡಿಯಲ್ಲಿ ಗಂಟಲು ಸರಿಮಾಡಿಕೊಂಡರೆ ಸಾಕು, ಸೌಟು ಕೈಯಲ್ಲೇ ನಿಲ್ಲುತ್ತದೆ.

ಅಂದೇ ಮಂಗಳೂರಿಗೆ ಕರೆದೊಯ್ದು ಎಕ್ಸರೇ ತೆಗೆಸಿದೆವು. ಏನೂ ತೊಂದರೆ ಇರಲಿಲ್ಲ. ಗೆಳತಿ ದಾರಿಯುದ್ದಕ್ಕೂ ಇವರ ಅಂಗಿಯ ತುದಿ ಹಿಡಿದುಕೊಂಡು ಕೂತಿದ್ದಳು. ಆಮೇಲೆ ದಿನಕ್ಕೆ ನಾಲ್ಕು ಸಲ ಅವಳ ಫೋನು. ನಾನು ಎತ್ತಲಿಲ್ಲ, ಇವರೇ ಎತ್ತುತ್ತಿದ್ದರು. ಅವಳು ಹೊಸ ಹಲ್ಲುಗಳನ್ನು ಒಪ್ಪಿಕೊಳ್ಳುತ್ತಿಲ್ಲ, ಯಂತ್ರಕ್ಕೆ ಬಟ್ಟೆ ಮುಚ್ಚಿಟ್ಟಿದ್ದಾಳೆ, ಇವರನ್ನೂ ಬೇರೆ ಡಾಕ್ಟರ ಬಳಿ ಹೋಗಲು ಹೇಳಿದ್ದಾಳೆ ಎಂದು ಗೊತ್ತಾಯಿತು.

“ಒಳ್ಳೇದೇ ಆಯ್ತು,” ಎಂದೆ. ಅವಳಿಗೆ ಹೇಳಬೇಕಾದ ಮಾತುಗಳನ್ನು ಎಂಟು ದಿನಗಳಿಂದ ಜೋಡಿಸಿಟ್ಟಿದ್ದೆ.

“ಇಲ್ಲ, ಅವರೇ ಹಾಕ್ಬೇಕು,” ಎಂದರು ಇವರು. “ಬೋರ್ಡಿನಲ್ಲಿ ಲೆಕ್ಕ ತಪ್ಪಿದ ಮಕ್ಕಳನ್ನು ಹಾಗೇ ಕೂರ್ಲಿಕ್ಕೆ ಬಿಟ್ರೆ, ಮತ್ತೆ ಅವರು ಬೋರ್ಡಿನ ಹತ್ತಿರ ಬರುದೇ ಇಲ್ಲ. ಆಗಲೇ ಚಾಕ್‌ಪೀಸು ಕೈಗೆ ಕೊಡ್ಬೇಕು.”

“ಲೆಕ್ಕ ತಪ್ಪಿದ್ದು ನಿಮ್ಮ ಜೀವದ್ದು!”

“ಹೌದು. ಹಾಗಾಗಿ ನಾನೇ ಕೊಡ್ಬೇಕು.”

ಹೋದೆವು. ಅವಳು ಬಟ್ಟೆ ಸರಿಸಿ ಹೊಸ ಹಲ್ಲು ಕಡೆದಳು, ಬಣ್ಣ ಹಚ್ಚಿದಳು, ಬೇಯಿಸಿದಳು. ಇವರ ಬಾಯಿಗೆ ರಬ್ಬರಿನ ಹಾಳೆ ಬಿಗಿದು, ಗಂಟಲಿನ ದಾರಿಯನ್ನೇ ಮುಚ್ಚಿದಳು. ಕಿಟಕಿಯ ಕಡೆ ಕರೆಯಲಿಲ್ಲ. ಜೋಕೂ ಇಲ್ಲ. ಮಲಗಿಸಿದ ಕುರ್ಚಿಯಲ್ಲೇ ಹಲ್ಲು ಅಂಟಿಸಿ, ಅದು ಗಟ್ಟಿಯಾಗುವವರೆಗೆ ಬೆರಳು ತೆಗೆಯಲಿಲ್ಲ.

ಆಮೇಲೆ ಹಾಳೆ ತೆಗೆದು, ಕುರ್ಚಿ ಎತ್ತಿ, ಹಲ್ಲು ನೋಡುವ ಸಣ್ಣ ಕನ್ನಡಿಯನ್ನು ಇವರ ತುಟಿಯ ಹತ್ತಿರ ಹಿಡಿದಳು. “ಉಸಿರು ಬಿಡಿ ಮಾಷ್ಟ್ರೇ.”

ಕನ್ನಡಿ ಮಸುಕಾಯಿತು. ದಿನಕ್ಕೆ ನೂರು ಸಲ ಆ ಮಸುಕನ್ನು ಬೈದು ಒರೆಸುವವಳು ಈಗ ಒರೆಸಲಿಲ್ಲ. ಅದು ತಾನಾಗಿ ಆರುವವರೆಗೂ ನೋಡುತ್ತಾ ನಿಂತಳು. “ಇನ್ನೊಮ್ಮೆ.” ಮತ್ತೆ ಮಸುಕಾಯಿತು. “ಇನ್ನೊಮ್ಮೆ ಬಿಡಿ.” ನಾನು ಜೋಡಿಸಿಟ್ಟ ಮಾತುಗಳನ್ನು ಅಲ್ಲೇ ಬಿಟ್ಟೆ. ಎದ್ದು ಹೋಗಿ ಅವಳಿಗೆ ತಾಗಿ ನಿಂತು, ನಾನೂ ಆ ಕನ್ನಡಿಯನ್ನೇ ನೋಡಿದೆ.

“ಬಣ್ಣ ಹೇಗೆ ಬಂದಿದೆ ಡಾಕ್ಟ್ರೇ?” ಎಂದು ಕೇಳಿದರು ಇವರು.

“ನಾನು ಇನ್ನೂ ನೋಡ್ಲಿಲ್ಲ ಮಾಷ್ಟ್ರೇ,” ಎಂದಳು.